ಓಕುಳಿ ಬಿಂದಿಗೆಯಲ್ಲಿ ಇಲ್ಲದ ಉಂಗುರ

ನನ್ನ ಕಾದಂಬರಿಗಳಲ್ಲಿ ಈವರೆಗೆ ಹನ್ನೊಂದು ನಾಯಕಿಯರು ಪ್ರಪಾತದ ಅಂಚಿನಲ್ಲಿ ನಿಂತಿದ್ದಾರೆ. ಹನ್ನೊಂದು ಮಂದಿಯನ್ನೂ ನಾಯಕ ಕೊನೆಯ ಗಳಿಗೆಯಲ್ಲಿ ಸೊಂಟಕ್ಕೆ ಕೈ ಹಾಕಿ ಹಿಂದಕ್ಕೆ ಎಳೆದುಕೊಂಡಿದ್ದಾನೆ. ಪ್ರಪಾತಗಳೆಲ್ಲ ಹಿಮಾಲಯದವು. ನಾನು ಹಿಮಾಲಯ ನೋಡಿದವಳಲ್ಲ. ಸೇಲಂನಿಂದ ಉತ್ತರಕ್ಕೆ ನಾನು ಕಂಡಿರುವ ಕಟ್ಟಕಡೆಯ ಊರು ಬೆಂಗಳೂರು, ಅದೂ ನಾದಿನಿಯ ಮಗಳ ನಾಮಕರಣಕ್ಕೆ ಹೋಗಿ ಸಂಜೆಯ ಬಸ್ಸಿಗೇ ವಾಪಸು ಬಂದದ್ದು. ಈ ಗುಟ್ಟು ಏಳು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಹೋದ ತಿಂಗಳು ನಮ್ಮ ವಾರಪತ್ರಿಕೆಯ ಸಂಪಾದಕ ರಘುನಾಥರಿಗೆ ಗೊತ್ತಾಗಿಬಿಟ್ಟಿತು.

"ಮೇನಕಾ ಅವರೇ, ನಿಮ್ಮ ನಾಯಕಿ ಮಂಜಿನ ಮೇಲೆ ಬರಿಗಾಲಲ್ಲಿ ಅರ್ಧ ಅಧ್ಯಾಯ ಓಡಿದ್ದಾಳೆ," ಎಂದರು ಬೆಂಗಳೂರಿನಿಂದ ಫೋನ್ ಮಾಡಿ.

"ಪ್ರೀತಿಯ ಆವೇಶ ಸಾರ್," ಎಂದೆ.

"ಓಡ್ತಾ ಓಡ್ತಾ ಹುಣಸೆಮರ ಹತ್ತಿದ್ದಾಳೆ."

(ಕೊಲೆಗಾರ ಅಟ್ಟಿಸಿಕೊಂಡು ಬರುವಾಗ ಯಾವುದಾದರೂ ಒಂದು ಮರ ಹತ್ತಲೇಬೇಕಲ್ಲ? ನನಗೆ ಹತ್ತಿ ಗೊತ್ತಿರುವ ಮರ ಅದೊಂದೇ.)

"ಮುಂದಿನ ಧಾರಾವಾಹಿ ನಿಮ್ಮ ಕಡೆಯದ್ದೇ ಇರಲಿ," ಎಂದರು ರಘುನಾಥರು. "ನೀವು ಕಣ್ಣಾರೆ ಕಂಡ ಜಾಗ ಬೇಕು. ಪ್ರಣಯ ಇರಲಿ, ಎದೆ ನಡುಗಿಸೋದೂ ಇರಲಿ. ಜೊತೆಗೆ ಪ್ರತಿ ಕಂತಿನಲ್ಲೂ ನಿಮ್ಮ ಜನರ ಒಂದು ಪ್ರೀತಿಯ ಶಾಸ್ತ್ರ, ಅದು ಹುಟ್ಟಿದ್ದು ಹೇಗೆ ಅಂತ ಬರಲಿ. ಹತ್ತು ದಿನದಲ್ಲಿ ಮೊದಲ ಕಂತು ಕಳಿಸಿ. ಆಗಲ್ಲ ಅಂದರೆ ಈಗಲೇ ಹೇಳಿ, ಆ ನಾಲ್ಕು ಪುಟಕ್ಕೆ ಉಪ್ಪಿನಕಾಯಿ ಮಾಲೆ ಸಿದ್ಧವಾಗಿದೆ."

ಉಪ್ಪಿನಕಾಯಿಗೆ ಸೋಲುವುದೇ! ನನ್ನ ಮೈಯ ರಕ್ತವೆಲ್ಲ ಕುದಿಯಿತು. ಸೇಲಂನ ನಮ್ಮ ಬೀದಿಯಲ್ಲಿ ಕನ್ನಡ ಮಾತಾಡುವ ಮನೆಗಳು ಇಪ್ಪತ್ತಿವೆ, ಕನ್ನಡ ಓದಲು ಬರೆಯಲು ಬರುವವಳು ನಾನೊಬ್ಬಳೇ. ಅದೂ ನಮ್ಮ ತಾತ ಅಣ್ಣಯ್ಯಪ್ಪ ಸ್ಲೇಟು ಹಿಡಿಸಿ, ಕಿವಿ ಹಿಂಡಿ ಕಲಿಸಿದ್ದಕ್ಕೆ. ಮಿಕ್ಕವರೆಲ್ಲ ತಮಿಳು ಶಾಲೆಯಲ್ಲಿ ಕಲಿತವರು. ನನ್ನ ಯಜಮಾನರು ಗೋವಿಂದರಾಜ್ ಅವರೂ ಹಾಗೆಯೇ. ಕನ್ನಡ ಮಾತಾಡುತ್ತಾರೆ (ಮಾತಾಡುವ ದಿನ), ಆದರೆ ಒಂದು ಅಕ್ಷರ ಓದಲಾರರು. ಹನ್ನೊಂದು ಕಾದಂಬರಿ ಬರೆದ ಹೆಂಡತಿಯ ಒಂದು ಸಾಲನ್ನೂ ಅವರು ಓದಿಲ್ಲ. ಹೊಸ ಸಂಚಿಕೆ ಬಂದರೆ ಕೈಗೆ ತೆಗೆದುಕೊಂಡು, ನನ್ನ ಹೆಸರು ಇರುವ ಜಾಗವನ್ನು ಅಂದಾಜಿನಲ್ಲಿ ನೋಡಿ, "ಚಿತ್ರ ಚೆನ್ನಾಗೈತೆ" ಎಂದು ಕೆಳಗಿಡುತ್ತಾರೆ.

ಪ್ರಣಯಕ್ಕೂ ಅವರಿಗೂ ಇರುವ ಸಂಬಂಧ ಇಷ್ಟೇ. ಅವರು ಊರಾಚೆಯ ಒಂದು ಸೇಗೋ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮರಗೆಣಸನ್ನು ಅರೆದ ಹಾಲು ತೊಟ್ಟಿಗಳಲ್ಲಿ ನಿಲ್ಲುತ್ತದೆ, ತಳದಲ್ಲಿ ಹಿಟ್ಟು ಕೂರುತ್ತದೆ, ಆ ಹಿಟ್ಟು ಆಮೇಲೆ ಸಬ್ಬಕ್ಕಿಯಾಗುತ್ತದೆ. ಬೆಳ್ಳನೆಯ ಕಲಕು ನೀರಿನೊಳಗೆ ತೋಳು ಮುಳುಗಿಸಿ ಹಿಟ್ಟು ಎಷ್ಟು ಇಳಿದಿದೆ ಎಂದು ಹೇಳುವುದು ಇವರ ಕೆಲಸ. ಮನೆಗೆ ಬರುತ್ತಾರೆ, ಕೈ ತೊಳೆಯುತ್ತಾರೆ, "ಊಟ ಆಯ್ತಾ?" ಎನ್ನುತ್ತಾರೆ. ಮದುವೆಯಾದ ಇಪ್ಪತ್ನಾಲ್ಕು ವರ್ಷಗಳಲ್ಲಿ ನನಗೆ ಅವರು ಆಡಿದ ಅತ್ಯಂತ ಪ್ರೀತಿಯ ಮಾತು ಅದು. ಕೇಳಿ ಕೇಳಿ ನನಗೆ ಬೇಜಾರು ಬಂದಿದೆ.

ಇಂಥವರ ಜೊತೆ ಇಷ್ಟು ವರ್ಷ ಹೇಗೆ ಬಾಳಿದೆ ಎಂದು ಕೇಳುತ್ತೀರಾ? ಬಾಳಲಿಲ್ಲ, ಆಳಿದೆ! ನನ್ನ ಬಲಗೈಯ ನಡುಬೆರಳಲ್ಲಿರುವ ಈ ಉಂಗುರವೇ ಅದಕ್ಕೆ ಸಾಕ್ಷಿ. ಪಾಲಕೋಡಿನ ಕಲ್ಯಾಣಮಂಟಪದಲ್ಲಿ ತಾಳಿ ಕಟ್ಟಿದ ಮೇಲೆ ನಮ್ಮನ್ನು ಓಕುಳಿ ಬಿಂದಿಗೆಯ ಮುಂದೆ ಕೂರಿಸಿದರು. ಅರಿಶಿನ ಸುಣ್ಣ ಕಲಸಿದ ಕೆಂಪು ನೀರು, ಅದರೊಳಗೆ ಒಂದು ಉಂಗುರ, ಗಂಡು ಹೆಣ್ಣು ಇಬ್ಬರೂ ಬಿಂದಿಗೆಯ ಕಿರಿದಾದ ಬಾಯಲ್ಲಿ ಒಟ್ಟಿಗೆ ಕೈ ತೂರಿಸಿ ಹುಡುಕಬೇಕು. ಮೂರು ಸಲ. ಹೆಚ್ಚು ಸಲ ಯಾರಿಗೆ ಸಿಗುತ್ತದೋ ಮನೆಯಲ್ಲಿ ಅವರದೇ ದರ್ಬಾರು. ನಾನು ಮೂರಕ್ಕೆ ಮೂರೂ ಗೆದ್ದೆ! ಉಂಗುರ ತಾನಾಗಿಯೇ ಬಂದು ನನ್ನ ಅಂಗೈಯಲ್ಲಿ ಕೂತಂತಾಯಿತು. ಗೆಲ್ಲುವ ಕೈಗೆ ಹಾಗೆಯೇ ಆಗುತ್ತದೆ ಎಂದು ತಿಳಿದೆ. ಬಿಂದಿಗೆ ಹಿಡಿದು ಆಟ ನಡೆಸಿದ ಎಲ್ಲಮ್ಮ ದೊಡ್ಡಮ್ಮ (ಯಜಮಾನರ ತಾಯಿಯ ಅಕ್ಕ) ಅದೇ ಉಂಗುರವನ್ನು ನನ್ನ ಬೆರಳಿಗೆ ತೊಡಿಸಿದರು. ಸ್ವಲ್ಪ ಸಡಿಲವಾಗಿತ್ತು. ನೂಲು ಸುತ್ತಿ ಬಿಗಿ ಮಾಡಿಕೊಂಡೆ. ಬೀದಿಯಲ್ಲಿ ಯಾರಿಗೆ ಮದುವೆಯಾದರೂ ಹೋಗಿ ಈ ಬೆರಳು ತೋರಿಸಿ ಆಶೀರ್ವಾದ ಮಾಡಿ ಬರುತ್ತೇನೆ.

ಗೋಡೆಯ ಬಣ್ಣ, ಟಿವಿಯ ಚಾನೆಲ್, ಮಗಳು ಪುಷ್ಪಾ ಓದುವ ಕಾಲೇಜು, ಎಲ್ಲವೂ ಈ ಉಂಗುರದ ಬಲದಿಂದ ನಾನು ಹೊರಡಿಸಿದ ಶಾಸನಗಳು. ಎಲ್ಲಕ್ಕಿಂತ ದೊಡ್ಡದು ಕಿಟಕಿಯದು. ನಮ್ಮ ನಡುಮನೆಗೆ ಗಾಳಿ ಬರುವುದು ಒಂದೇ ಕಿಟಕಿಯಿಂದ. ಅಲ್ಲಿ ಮೊದಲು ಯಜಮಾನರ ಈಸಿಚೇರ್ ಇತ್ತು. ಬರೆಯಲು ಕೂತ ವರ್ಷ ಅದನ್ನು ಹಿತ್ತಿಲ ಬಾಗಿಲಿಗೆ ತಳ್ಳಿ ನನ್ನ ಮೇಜು ಹಾಕಿಸಿದೆ. "ಅಲ್ಲಿ ಗಾಳಿ ಚೆನ್ನಾಗ್ ಬತ್ತಿತ್ತು," ಎಂದಷ್ಟೇ ಅಂದರು. ನಾನು ಬೆರಳು ತೋರಿಸಿದೆ. ಕುರ್ಚಿ ಹೊತ್ತುಕೊಂಡು ಹೋದರು.

ಆದ್ದರಿಂದ ಮೊದಲ ಕಂತಿಗೆ ಶಾಸ್ತ್ರ ಯಾವುದೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ಓಕುಳಿ ಬಿಂದಿಗೆ! ಅದು ಹುಟ್ಟಿದ ಕಥೆ ಹೇಳಲು ಮಾರಂಡಹಳ್ಳಿಯಲ್ಲಿ ಎಲ್ಲಮ್ಮ ದೊಡ್ಡಮ್ಮ ಇದ್ದಾರೆ. ಅಲ್ಲಿಗೆ ಹೋಗುವ ದಾರಿಯಲ್ಲೇ ತೊಪ್ಪೂರು ಘಾಟ್ ಇದೆ, ಪ್ರಪಾತಕ್ಕೆ ಪ್ರಪಾತ. ಒಂದೇ ಭಾನುವಾರದಲ್ಲಿ ಪ್ರಣಯವೂ ಆಯಿತು, ರೋಚಕವೂ ಆಯಿತು. ನನ್ನ ಬುದ್ಧಿಗೆ ನಾನೇ ಬೆರಗಾಗಿ ಇನ್ನೂರು ಪುಟದ ಹೊಸ ನೋಟ್‌ಬುಕ್ ಕೊಂಡೆ.

ಭಾನುವಾರ ಬೆಳಿಗ್ಗೆ ನಮ್ಮ ಹಳೆಯ ಮಾರುತಿ ಕಾರು ತೊಪ್ಪೂರು ಏರತೊಡಗಿದಾಗ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಎಷ್ಟು ಸಲ ಈ ದಾರಿಯಲ್ಲಿ ತೂಕಡಿಸುತ್ತ ಹೋಗಿದ್ದೇನೆ! ಇವತ್ತು ಪ್ರತಿ ತಿರುವಿನಲ್ಲೂ ಒಬ್ಬ ಖಳನಾಯಕ ಕಾಣಿಸುತ್ತಿದ್ದ. ಇಳಿಯುವ ಲಾರಿಗಳ ಬ್ರೇಕಿನ ಸುಟ್ಟ ವಾಸನೆಯನ್ನು ಬರೆದುಕೊಂಡೆ. ಕಲ್ಲುಬಂಡೆಗಳನ್ನು ಎಣಿಸಿಕೊಂಡೆ.

"ನಿಲ್ಸಿ, ನಿಲ್ಸಿ! ಇಲ್ಲೇ ರೀ!"

ರಸ್ತೆ ಅಗಲವಾಗಿದ್ದ ಕಡೆ ನಿಲ್ಲಿಸಿದರು. ನಾನು ತಡೆಗೋಡೆಯ ಹತ್ತಿರ ಹೋಗಿ, ಸೆರಗು ಗಾಳಿಗೆ ಬಿಟ್ಟು, ಕಣ್ಣು ಮುಚ್ಚಿ ನಿಂತೆ.

"ಈಗ ನನ್ನ ಕಾಲು ಜಾರ್ತದೆ ಅಂತ ಇಟ್ಕೊಳ್ಳಿ. ನೀವೇನು ಮಾಡ್ತೀರಿ?"

"ಒನ್ ನಾಟ್ ಎಯ್ಟಿಗೆ ಫೋನ್ ಮಾಡ್ತೀನಿ," ಎಂದರು. ಫೋನ್ ತೆಗೆದು ನೋಡಿ, "ಟವರ್ ಐತೆ," ಎಂದೂ ಸೇರಿಸಿದರು.

"ಸೊಂಟ ಹಿಡ್ದು ಎಳೆಯಲ್ವಾ?"

"ನಿನ್ನ ಇಡ್ದು ಎಳೆಯಾಕೋದ್ರೆ ನಾನೂ ಬೀಳ್ತೀನಿ. ಅಪ್ಪುರಂ ಫೋನ್ ಯಾರು ಮಾಡಾದು?"

ಇದನ್ನು ನಾನು ಬರೆದುಕೊಳ್ಳಲಿಲ್ಲ. ಆ ಕ್ಷಣದಲ್ಲಿ ನಿಜವಾಗಿ ಸಂಕಟವಾಯಿತು. ಹನ್ನೊಂದು ನಾಯಕಿಯರಿಗೆ ಸಿಕ್ಕಿದ ಕೈ ಅವರನ್ನು ಬರೆದವಳಿಗೆ ಒಂದು ಸಲವೂ ಸಿಗಲಿಲ್ಲವಲ್ಲ ಎಂದು ಕಾರಿನಲ್ಲಿ ಧರ್ಮಪುರಿ ದಾಟುವವರೆಗೂ ಮುಖ ಊದಿಸಿಕೊಂಡು ಕೂತೆ. ಅವರು ಗಮನಿಸಿದ ಹಾಗೆ ಕಾಣಲಿಲ್ಲ. ಪಾಲಕೋಡಿನಲ್ಲಿ ನಿಲ್ಲಿಸಿ ಎರಡು ಇಡ್ಲಿ ಕಟ್ಟಿಸಿಕೊಂಡು ಬಂದು ನನ್ನ ಮಡಿಲಿಗಿಟ್ಟರು, ಅಷ್ಟೇ.

ಎಲ್ಲಮ್ಮ ದೊಡ್ಡಮ್ಮನಿಗೆ ಎಪ್ಪತ್ತೆಂಟು. ಸೊಂಟ ಬಾಗಿದೆ, ಬಾಯಿ ಬಾಗಿಲ್ಲ. ಮುದ್ದೆ, ಅವರೆಕಾಳಿನ ಸಾರು ಬಡಿಸಿ ಯಜಮಾನರನ್ನು ಜಗುಲಿಯ ಮಂಚಕ್ಕೆ ಕಳಿಸಿ, ನನ್ನ ಮುಂದೆ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತರು. ನಾನು ನೋಟ್‌ಬುಕ್ ತೆರೆದೆ.

"ದೊಡ್ಡಮ್ಮ, ಓಕುಳಿ ಬಿಂದಿಗೆ ಶಾಸ್ತ್ರ ಹುಟ್ಟಿದ್ದು ಹೇಗೆ? ಯಾವ ರಾಜರ ಕಾಲದಲ್ಲಿ?"

"ರಾಜ್ರಿಗೆ ಇದೇ ಕೆಲ್ಸಾನಾ?" ಎಂದು ದೊಡ್ಡಮ್ಮ ನಕ್ಕರು. "ನಮ್ಮಜ್ಜಿ ಏಳ್ತಿದ್ಲು ಕಣಮ್ಮ. ಆಗಿನ ಕಾಲ್ದಲ್ಲಿ ಗಂಡು ಎಣ್ಣು ಮುಖಾನೂ ಸರ್ಯಾಗಿ ನೋಡ್ಕೊಂಡಿರ್ತಿರಲಿಲ್ಲ. ತಾಳಿ ಕಟ್ಟಿದ್ ತಕ್ಷಣ ಎಲ್ಲಾರ ಮುಂದೆ ಕೈ ಇಡ್ಕೊಳಾಕಾಗ್ತದಾ? ನಾಚ್ಕೆ. ಅದ್ಕೇ ಯಾವಳೋ ಬುದ್ಧಿವಂತೆ ಒಂದ್ ಬಿಂದಿಗೆ ತಂದು, ಒಳಗಿಂದು ಕಾಣ್ದಿರೋ ಅಂಗೆ ನೀರು ಕೆಂಪು ಮಾಡಿ, ಇಬ್ರೂ ಕೈ ಬಿಡ್ರಿ ಅಂದ್ಳಂತೆ. ಒಳಗೆ ಕೈಗೆ ಕೈ ತಾಕ್ತದೆ, ಒರಗಿನೋರಿಗೆ ಕಾಣಲ್ಲ. ಉಂಗ್ರ ಅನ್ನಾದು ಒಂದ್ ನೆಪ."

ನನ್ನ ಮೈ ಜುಮ್ಮೆಂದಿತು. ಎಂಥ ಕಥೆ! ಹಿಮಾಲಯದಲ್ಲಿ ಏಳು ವರ್ಷ ಅಲೆದು ನಾನು ಕಾಣದ ಪ್ರಣಯ ಮಾರಂಡಹಳ್ಳಿಯ ಬಿಂದಿಗೆಯೊಳಗೆ ಇತ್ತು. ಪೆನ್ನು ಓಡಿತು. ಓಡುತ್ತ ಓಡುತ್ತ ಒಂದು ಸಣ್ಣ ಅನುಮಾನ ಬಂತು.

"ಹಾಗಾದ್ರೆ ಗೆದ್ದವರು ಮನೆ ಆಳ್ತಾರೆ ಅನ್ನೋದು?"

"ಸುತ್ತ ನಿಂತೋರು ಕೂಗಾಡಾಕೆ ಏನಾರ ಬೇಕಲ್ಲ?" ಎಂದರು ದೊಡ್ಡಮ್ಮ.

ಇದನ್ನೂ ನಾನು ಬರೆದುಕೊಳ್ಳಲಿಲ್ಲ.

"ಅದ್ರಲ್ಲಿ ನನ್ ಕೈಚಳಕ ಒಂದೈತೆ," ಎಂದು ದೊಡ್ಡಮ್ಮ ಹತ್ತಿರ ಸರಿದರು. "ಯಾರ್ಗೂ ಏಳ್ಬ್ಯಾಡ. ಮೊದಲ್ನೇ ಸಲ ನಾನು ಉಂಗ್ರ ಆಕೋದೇ ಇಲ್ಲ. ಆಕ್ದಂಗೆ ತೋರ್ಸಿ ಸೊಂಟಕ್ಕೆ ಸಿಕ್ಕಿಸ್ಕೊಂಬುಡ್ತೀನಿ. ಸಿಕ್ಕಿಬುಟ್ರೆ ಕೈ ಆಚೆ ತಕ್ಕೊಂಬುಡ್ತಾರಲ್ಲ? ಉಡುಕ್ಲಿ ಬಿಡು, ಒಂದಷ್ಟೊತ್ತು ಕೈಗೆ ಕೈ ತಾಕ್ಲಿ ಅಂತ. ಆಮ್ಯಾಕೆ, ಅಯ್ಯೋ ನನ್ ಕೈಲೇ ಉಳ್ಕಂಡಿತ್ತು ಅಂತ ಏಳಿ, ಎರಡ್ನೇ ಸಲದಿಂದ ನಿಜ್ವಾಗ್ ಆಕ್ತೀನಿ. ಎಲ್ಲಾ ಮದ್ವೇಲೂ ಇದೇ."

"ಎಲ್ಲಾ ಮದುವೆಯಲ್ಲೂ?"

"ಎಲ್ಲಾ ಮದ್ವೇಲೂ."

ನಾನು ಪೆನ್ನು ಕೆಳಗಿಟ್ಟೆ. "ದೊಡ್ಡಮ್ಮ, ನಮ್ಮ ಮದುವೇಲಿ ಮೊದಲ್ನೇ ಸಲವೇ ನನಗೆ ಉಂಗುರ ಸಿಕ್ತಲ್ಲ?"

"ಅದ್ನೇ ನಾನೂ ಇಪ್ಪತ್ನಾಕು ವರ್ಸದಿಂದ ಯೋಚ್ನೆ ಮಾಡ್ತಿವ್ನಿ ಕಣಮ್ಮ!" ಎಂದರು ದೊಡ್ಡಮ್ಮ, ತೊಡೆ ತಟ್ಟಿ. "ಉಂಗ್ರ ನನ್ ಸೊಂಟದಲ್ಲೈತೆ. ನೀನು ನೋಡುದ್ರೆ ಕೈಯೆತ್ತಿ 'ಸಿಕ್ತು' ಅಂತಿದ್ದೀಯ! ನಂಗೆ ಎದೇನೇ ಒಡ್ದೋಯ್ತು. ಯಾರ್ಗಾದ್ರೂ ಏಳುದ್ರೆ ನನ್ ಗುಟ್ಟು ಒರಗೆ ಬೀಳ್ತದೆ. ಬಾಯ್ ಮುಚ್ಕೊಂಡು ಆ ಉಂಗ್ರಾನೇ ಇನ್ನೆರಡು ಸಲ ಆಕ್ದೆ, ನಿನ್ ಬೆರಳಿಗೇ ಇಟ್ಟೆ." ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ಗಂಟು ಬಿಚ್ಚಿದರು. ಅದರಲ್ಲಿ ಕೆಂಪು ಹರಳಿನ ಪುಟ್ಟ ಉಂಗುರವೊಂದಿತ್ತು. "ಬಿಂದಿಗೆ ಉಂಗ್ರ ಇದು. ಇದು ನನ್ನ ಬಿಟ್ಟು ಎಲ್ಲೂ ಓಗಿಲ್ಲ."

ಬಿಂದಿಗೆಯಲ್ಲಿ ಉಂಗುರವಿರಲಿಲ್ಲ. ಆದರೂ ನನಗೆ ಉಂಗುರ ಸಿಕ್ಕಿತು. ನನ್ನ ಬೆರಳಲ್ಲೇ ಇಷ್ಟು ವರ್ಷ ಒಂದು ರಹಸ್ಯ ಕೂತಿತ್ತು. ಉಂಗುರ ಕಳಚಿ, ಸುತ್ತಿದ್ದ ನೂಲನ್ನು ಬಿಚ್ಚಿದೆ. ಇಪ್ಪತ್ನಾಲ್ಕು ವರ್ಷಗಳಲ್ಲಿ ನೂಲನ್ನು ಎಷ್ಟೋ ಸಲ ಬದಲಾಯಿಸಿದ್ದೇನೆ, ಇದು ಯಾಕೆ ಇಷ್ಟು ದೊಡ್ಡದು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಇದು ಗಂಡಸಿನ ಉಂಗುರ! ಪತ್ತೇದಾರಿ ಬರೆಯುವವಳಿಗೆ ಇದಕ್ಕಿಂತ ನಾಚಿಕೆಗೇಡು ಇಲ್ಲ.

ತಕ್ಷಣ ಪುಷ್ಪಾಳಿಗೆ ಫೋನ್ ಮಾಡಿದೆ. "ಬೀರು ಮೇಲೆ ನಮ್ಮ ಮದುವೆ ಆಲ್ಬಂ ಇದೆ. ನಿಮ್ಮಪ್ಪನ ಬಲಗೈ ಕಾಣೋ ಫೋಟೋ ಎಲ್ಲಾ ತೆಗೆದು ಕಳಿಸು. ಯಾಕೆ ಅಂತ ಕೇಳಬೇಡ!"

"ಎನ್ನಮ್ಮಾ, ಅಪ್ಪಂಗೆ ಏನಾಯ್ತು?" ಎಂದು ಅವಳು ಗಾಬರಿಯಾದಳು. ಹತ್ತು ನಿಮಿಷದಲ್ಲಿ ಎರಡು ಫೋಟೋ ಬಂದವು. ಒಂದರಲ್ಲಿ ಯಜಮಾನರು ತಾಳಿ ಹಿಡಿದಿದ್ದಾರೆ. ಬಲಗೈಯಲ್ಲಿ ದಪ್ಪನೆಯ ಉಂಗುರ, ಮೇಲೆ ಎರಡು ಗೆರೆ. ಇನ್ನೊಂದರಲ್ಲಿ ಎಲೆಯ ಮುಂದೆ ಕೂತಿದ್ದಾರೆ. ಅದೇ ಕೈ ಬಾಯಿಯ ಹತ್ತಿರ ಹೋಗಿದೆ, ಬೆರಳುಗಳು ಬರಿದಾಗಿವೆ. ನನ್ನ ಅಂಗೈಯಲ್ಲಿದ್ದ ಉಂಗುರ ನೋಡಿದೆ. ಎರಡು ಗೆರೆ.

ನನಗೆ ಕಣ್ಣಲ್ಲಿ ನೀರೇ ಬಂತು. ಎಲ್ಲರ ಕಣ್ಣೆದುರು, ಯಾರ ಕಣ್ಣಿಗೂ ಬೀಳದೆ, ಕೆಂಪು ನೀರಿನ ಅಡಿಯಲ್ಲಿ, ಗಂಟೆಯ ಹಿಂದಷ್ಟೇ ಹೆಂಡತಿಯಾದ ಹುಡುಗಿಯ ಕೈಗೆ ತನ್ನ ಉಂಗುರವನ್ನೇ ಇಟ್ಟು ಅವಳನ್ನು ಗೆಲ್ಲಿಸಿದ ಮನುಷ್ಯ! ಗೆಲ್ಲಿಸಿ, ಇಪ್ಪತ್ನಾಲ್ಕು ವರ್ಷ ತುಟಿಪಿಟಕ್ಕೆನ್ನದವನು! ನನ್ನ ಹನ್ನೊಂದೂ ನಾಯಕರನ್ನು ಇವರ ಪಕ್ಕದಲ್ಲಿ ನಿಲ್ಲಿಸಿದರೆ ಅವರೆಲ್ಲ ಬರೀ ಸೊಂಟ ಹಿಡಿಯುವವರು. ನಾನು ಕುರ್ಚಿ ಕಿತ್ತುಕೊಂಡಿದ್ದು ಇವರಿಂದಲೇ? ಜಗುಲಿಗೆ ಓಡಿದೆ. ನನ್ನ ಮಹಾನಾಯಕ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆಯಲ್ಲೂ ನನಗೆ ಒಂದು ಗಾಂಭೀರ್ಯ ಕೇಳಿಸಿತು.

"ಏನ್ರೀ," ಎಂದು ಮೆಲ್ಲಗೆ ಎಬ್ಬಿಸಿ ಉಂಗುರ ಮುಂದೆ ಹಿಡಿದೆ. "ನನಗೆಲ್ಲ ಗೊತ್ತಾಯ್ತು."

ಅವರು ಉಂಗುರ ನೋಡಿದರು, ನನ್ನನ್ನು ನೋಡಿದರು, ಎದ್ದು ಕೂತರು. ಮುಖ ಕೆಂಪಾಯಿತು. (ಸತ್ಯವಾಗಿ! ಕೆಂಪಾಯಿತು!)

"ದೊಡ್ಡಮ್ಮ ಏಳ್ಬುಟ್ಳಾ?"

"ಯಾಕ್ರೀ ಹಾಗೆ ಮಾಡಿದ್ರಿ? ಹೇಳಿ. ಇವತ್ತು ಹೇಳಲೇಬೇಕು," ಎಂದೆ. ನೋಟ್‌ಬುಕ್ ತಂದಿದ್ದೆ.

ಅವರು ಗಂಟಲು ಸರಿಮಾಡಿಕೊಂಡರು. "ಮೊದಲ್ನೇ ಪಂತಿಗೆ ಎಲೆ ಆಕ್ಬುಟ್ಟಿದ್ರು."

"ಏನು?"

"ಊಟದ ಪಂತಿ. ನಂಗೆ ಮುಂಚಿನ್ ದಿನದಿಂದ ಉಪಾಸ ಇಕ್ಕಿದ್ರು. ಒಬ್ಬಟ್ಟು ಬೇಯ್ತಿರೋ ವಾಸ್ನೆ ಬತ್ತಿತ್ತು, ತುಪ್ಪದ್ದು. ಕೊನೇ ಪಂತಿಗೆ ಒಬ್ಬಟ್ಟು ಉಳ್ಯಲ್ಲ, ಬರೀ ರಸಂ. ನಮ್ ಚಿಕ್ಕಪ್ಪನ್ ಮಗ ಗಿರಿ ಮದ್ವೇಲಿ ಇದೇ ಆಟ ಒಂದ್ ಗಂಟೆ ನಡೀತು, ಪಾಪ ಅವ್ನಿಗೆ ಮೊಸರನ್ನಾನೇ ಗತಿ ಆಯ್ತು. ಬಿಂದಿಗೆ ತಳ ಎಲ್ಲಾ ತಡಕಿದೆ. ಉಂಗ್ರ ಇಲ್ಲ. ಇಲ್ದಿರೋ ಉಂಗ್ರ ಎಷ್ಟೊತ್ತು ಉಡುಕಾದು? ನಂದೇ ಎಬ್ಬೆಟ್ಟಲ್ಲಿ ತಳ್ಳಿ ನಿನ್ ಕೈಗಿಟ್ಟೆ. ಆಮೇಲಿನ್ ಎರಡು ಸಲಾನೂ ಸಿಕ್ತು, ಸಿಕ್ದಂಗೇ ನಿನ್ ಕೈಗಿಟ್ಟೆ. ಸೀಕ್ರಂ ಮುಗೀತು, ಬೇಗ್ನೆ ಎಲೆ ಮುಂದೆ ಕೂತೆ."

"ಒಬ್ಬಟ್ಟಿಗೋಸ್ಕರ!"

"ನಾಕು ತಿಂದೆ," ಎಂದರು ಯಜಮಾನರು. ಇಷ್ಟು ವರ್ಷವಾದರೂ ಆ ತೃಪ್ತಿ ಮುಖದಲ್ಲಿತ್ತು.

"ಇದು ಯಾರ ಉಂಗುರ?"

"ನಮ್ಮಪ್ಪಂದು. ನಂಗೂ ಸಡ್ಲಾನೇ ಇತ್ತು."

"ವಾಪಸ್ ಕೇಳ್ಬಾರ್ದಿತ್ತಾ?"

"ನೀನು ಬೀದೀಲೆಲ್ಲಾ ಗೆದ್ದೆ ಗೆದ್ದೆ ಅಂತ ತೋರಿಸ್ತಿದ್ದೆ. ಎಂಗೆ ಕೇಳಾದು?"

ಒಳಗಿಂದ ದೊಡ್ಡಮ್ಮ ಬಿದ್ದು ಬಿದ್ದು ನಗುತ್ತಿರುವುದು ಕೇಳಿಸಿತು. ನನ್ನ ಸಾಮ್ರಾಜ್ಯ ನಾಲ್ಕು ಒಬ್ಬಟ್ಟಿಗೆ ಬಂದದ್ದೆಂದು ತಿಳಿದ ಮೇಲೆ ಬೇರೆ ಯಾವ ಹೆಂಗಸಾದರೂ ಸುಮ್ಮನೆ ಕಾರು ಹತ್ತುತ್ತಿದ್ದಳು. ನಾನು ಮೇನಕಾ. ಕೋಪ, ಅವಮಾನ, ಹಠ ಮೂರೂ ಒಟ್ಟಿಗೆ ತಲೆಗೇರಿದವು.

"ನನಗೆ ಯಾರ ದಾನವೂ ಬೇಡ," ಎಂದೆ. "ಆಟ ಈಗ ಆಡೋಣ. ನಿಜವಾಗಿ. ನಾನು ನ್ಯಾಯವಾಗಿಯೇ ಗೆಲ್ತೀನಿ. ನೀವು ಗೆದ್ದರೆ ಕಿಟಕಿ ನಿಮ್ಮದು. ನನ್ನ ಮೇಜನ್ನು ಅಡುಗೆಮನೆಗೆ ಹಾಕ್ಕೋತೀನಿ!"

"ಬ್ಯಾಡ ಬಿಡು ಮೇನಕಾ," ಎಂದರು ಯಜಮಾನರು.

"ಆಡ್ಲೇಬೇಕು ಕಣ್ಲಾ ಗೋವಿಂದ," ಎಂದು ದೊಡ್ಡಮ್ಮ ಬಿಂದಿಗೆ ಹೊತ್ತುಕೊಂಡೇ ಬಂದರು. "ಉಂಗ್ರಾನೇ ಆಕಿರ್ಲಿಲ್ಲ ಅಂದ್ಮ್ಯಾಕೆ ಸಾಸ್ತ್ರ ಅರ್ಧ ಆಗೈತೆ. ಪೂರ್ತಿ ಮಾಡ್ಕೊಂಡೋಗ್ರಿ." ಕಾಫಿ ಕಾಯಿಸಿ ಲೋಟಗಳಿಗೆ ಬಗ್ಗಿಸಿಟ್ಟು, ಅರಿಶಿನ 
ಸುಣ್ಣ ಕಲಸಿದರು. ಪಕ್ಕದ ಮನೆಯ ಹೆಂಗಸರು ಇಬ್ಬರು ಏನೆಂದು ಕೇಳಿಕೊಂಡು ಬಂದು, ವಿಷಯ ತಿಳಿದು, ಕೂಗಲು ಸಿದ್ಧರಾಗಿ ಗೋಡೆಗೆ ಒರಗಿ ನಿಂತರು.

ಕೆಂಪು ಹರಳಿನ ಉಂಗುರ ಎಲ್ಲರಿಗೂ ತೋರಿಸಿ ದೊಡ್ಡಮ್ಮ ಬಿಂದಿಗೆಗೆ ಹಾಕಿದರು. ಟಣ್ ಎಂದು ಸದ್ದಾಯಿತು. ನಾನು ಬಳೆ ಮೇಲಕ್ಕೆ ಸರಿಸಿ ಕೈ ತೂರಿಸಿದೆ. ಯಜಮಾನರು ಅಂಗಿಯ ತೋಳು ಮಡಚಿ ನಿಧಾನವಾಗಿ ಕೈ ಬಿಟ್ಟರು. ನಾನಿನ್ನೂ ಬಿಂದಿಗೆಯ ಕುತ್ತಿಗೆಯಲ್ಲಿದ್ದೆ. ಅವರು ಕಣ್ಣು ಮುಚ್ಚಿ, ಬೆರಳು ಒಂದು ಸುತ್ತು ಆಡಿಸಿ, ಉಂಗುರ ಹಿಡಿದು ಕೈ ಆಚೆ ತೆಗೆದರು. ಒಂದು ಉಸಿರಿನಲ್ಲಿ ಮುಗಿದುಹೋಯಿತು!

ಆಗ ನನಗೆ ಫ್ಯಾಕ್ಟರಿಯ ತೊಟ್ಟಿಗಳು ನೆನಪಾದವು. ವರ್ಷಗಟ್ಟಲೆ ತಳ ಕಾಣದ ನೀರಿನೊಳಗೆ ಕೈಬಿಟ್ಟು ತಡಕಿ ಬದುಕಿರುವ ಮನುಷ್ಯನಿಗೆ ನಾನು ಓಕುಳಿ ಬಿಂದಿಗೆಯಲ್ಲಿ ಸವಾಲು ಹಾಕಿದ್ದೆ. ಎರಡನೆಯ ಸಲ ನಾನು ಮೊದಲೇ ಕೈ ಬಿಟ್ಟು ತಳದಲ್ಲೇ ಕಾದೆ. ಉಂಗುರ ನನ್ನ ಬೆರಳಿಗೆ ತಗುಲಿ ಜಾರಿತು. ಜಾರಿದ್ದು ತಳ ಮುಟ್ಟುವ ಮೊದಲೇ ಅವರಿಗೆ ಸಿಕ್ಕಿತ್ತು. ಹೆಂಗಸರು ಹೋ ಎಂದು ಕೂಗಿದರು. ಕಿಟಕಿ ಹೋಯಿತು. ನನ್ನ ಮೇಜು ಗ್ರೈಂಡರಿನ ಪಕ್ಕ ಕೂತಿರುವುದು ಕಣ್ಣ ಮುಂದೆ ಬಂತು.

ಮೂರನೆಯದು ಶಾಸ್ತ್ರಕ್ಕೆ ಮಾತ್ರ. ಸೋತವಳ ಹಾಗೆ ಸುಮ್ಮನೆ ಕೈ ಬಿಟ್ಟುಕೊಂಡು ಕೂತೆ. ನೀರಿನೊಳಗೆ ಅವರ ಕೈ ಬಂತು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿತು, ಅಂಗೈಯಲ್ಲಿ ಉಂಗುರ ಇಟ್ಟು ಮತ್ತೆ ಮುಚ್ಚಿತು. ಇಪ್ಪತ್ನಾಲ್ಕು ವರ್ಷದ ಹಿಂದೆ ಹೇಗೆ ಬಂದು ಕೂತಿತ್ತೋ ಥೇಟ್ ಹಾಗೆಯೇ. ಕೈ ತಕ್ಷಣ ಹೋಗಲಿಲ್ಲ.

"ಈಗ ಯಾವ ಪಂತಿ ರೀ?" ಎಂದೆ ಮೆಲ್ಲಗೆ.

"ಕಾಫಿ ಆರೋಗ್ತೈತೆ," ಎಂದರು.

ಹಾಗೆಂದು ಹೇಳಿದರೇ ಹೊರತು ಕೈ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಕೊನೆಗೆ ದೊಡ್ಡಮ್ಮ, "ಆಚೆ ತಕ್ಕೊಳ್ರಿ, ಬಿಂದಿಗೆ ತೊಳೀಬೇಕು," ಎಂದ ಮೇಲೆ ಎದ್ದೆವು. ಕಾಫಿ ನಿಜವಾಗಿಯೂ ಆರಿತ್ತು.

ಸೇಲಂ ತಲುಪಿದ ಮರುದಿನ ಬೆಳಿಗ್ಗೆ ನಾನು ಮಾತಿಗೆ ತಪ್ಪಬಾರದೆಂದು ಮೇಜಿನ ಮೇಲಿನ ಹಾಳೆಗಳನ್ನು ಕಟ್ಟತೊಡಗಿದೆ. ಅದಕ್ಕೂ ಮೊದಲು ಮಾವನವರ ಉಂಗುರವನ್ನು ತೊಳೆದು ಯಜಮಾನರ ಮುಂದೆ ಇಟ್ಟಿದ್ದೆ. ಅವರು ಹಾಕಿಕೊಳ್ಳಲು ನೋಡಿದರು. ಗೆಣ್ಣು ದಾಟಲಿಲ್ಲ. "ನೀನೇ ಇಟ್ಕೋ. ಒಸಾ ನೂಲು ಸುತ್ಕೋ," ಎಂದು ಕೊಟ್ಟು, ಹಿತ್ತಿಲಿಂದ ಈಸಿಚೇರ್ ಹೊತ್ತು ತಂದರು.

"ಮೇಜು ಎಲ್ಲಿಗೆ ತಕ್ಕೊಂಡೋಯ್ತಿದ್ದೀಯ?"

"ಅಡುಗೆಮನೆಗೆ. ಸೋತಿದ್ದೀನಲ್ಲ."

"ಅದು ಅಲ್ಲೇ ಇರ್ಲಿ." ಕುರ್ಚಿಯನ್ನು ಮೇಜಿನ ಪಕ್ಕ, ಕಿಟಕಿಗೆ ಒತ್ತಿ ಹಾಕಿ ಕೂತರು. ಕಾಲು ಚಾಚಿದರು. "ಗಾಳಿ ಚೆನ್ನಾಗ್ ಬತ್ತೈತೆ," ಎಂದರು. ಆಮೇಲೆ ನನ್ನ ಹಾಳೆಗಳ ಕಡೆ ಕೈ ತೋರಿಸಿ, "ನಂಗೆ ಓದಾಕ್ ಬರಲ್ಲ. ಏನ್ ಬರೀತೀಯೋ ಕೂಗಿ ಓದು. ಇಷ್ಟ್ ವರ್ಸದಿಂದ ಏನ್ ಬರೀತೀಯ ಅಂತಾನೇ ಗೊತ್ತಿಲ್ಲ," ಎಂದರು.

ಗೆದ್ದ ಯಜಮಾನರ ಮೊದಲ ಆಜ್ಞೆ ಅದು. ಹನ್ನೆರಡನೆಯ ನಾಯಕಿಯನ್ನು ತೊಪ್ಪೂರಿನ ತಡೆಗೋಡೆಯ ಮೇಲೆ ನಿಲ್ಲಿಸಿ, ದನಿ ತಗ್ಗಿಸಿ ಏರಿಸಿ ಓದಿದೆ. "ಕೊಲೆಗಾರ ಚಾಕು ಎತ್ತಿದ. ಅವಳ ಕಾಲು ಜಾರಿತು. ಅಷ್ಟರಲ್ಲಿ ನಾಯಕ ಗಾಳಿಯಂತೆ..."

"ಇರು, ಇರು. ಇವ್ನು ಬೆಳಿಗ್ಗೆಯಿಂದ ಏನಾರ ತಿಂದವ್ನಾ?"

"ಈಗ ಅದು ಮುಖ್ಯಾನಾ ರೀ?"

"ಅಸ್ದಿರೋ ಒಟ್ಟೇಲಿ ಅವ್ಳನ್ನ ಎಂಗೆ ಎಳೀತಾನೆ? ಇಬ್ರೂ ಬೀಳ್ತಾರೆ. ಊಟ ಆಕ್ಸು ಅವ್ನಿಗೆ."

ಆಜ್ಞೆ ಎಂದರೆ ಆಜ್ಞೆ. ಕೊಲೆಗಾರ ಎತ್ತಿದ ಚಾಕು ಹಾಗೇ ಹಿಡಿದು ನಿಂತಿರಲಾಗಿ ನನ್ನ ನಾಯಕ ಘಾಟಿನ ಹೋಟೆಲೊಂದರಲ್ಲಿ ತುಪ್ಪ ಹಾಕಿಸಿಕೊಂಡು ನಾಲ್ಕು ಒಬ್ಬಟ್ಟು ತಿಂದು, ಕೈ ತೊಳೆದು ಬಂದು ಅವಳನ್ನು ಉಳಿಸಿದ. ಕಂತನ್ನು ಹಾಗೆಯೇ ಕಳಿಸಿದೆ. ಪ್ರಕಟವಾದ ವಾರ ರಘುನಾಥರ ಫೋನ್ ಬಂತು. ಬಿಂದಿಗೆಯ ಕಥೆ ಓದುಗರಿಗೆ ಬಹಳ ಹಿಡಿಸಿದೆ ಎಂದರು. ಪ್ರಪಾತವೂ ನಂಬುವ ಹಾಗಿದೆ ಎಂದರು. ನಾನು ಉಬ್ಬಿಹೋದೆ.

"ಆದರೆ ಮೇನಕಾ ಅವರೇ," ಎಂದರು, "ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ಕೇಳ್ತಿವೆ. ಆ ಒಬ್ಬಟ್ಟಿನ ಕಣಕ ಹೇಗೆ ಕಲಸಿದ್ದು ಅಂತ. ಮುಂದಿನ ವಾರ ನಾಯಕಿಯನ್ನು ಸ್ವಲ್ಪ ಬದಿಗಿಟ್ಟು ಅದನ್ನು ಬರೆದುಕೊಡಿ."

ನನಗೆ ಒಬ್ಬಟ್ಟು ಮಾಡಲು ಬರುವುದಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಿಂದ ಯಜಮಾನರು ಹೇಳುತ್ತ ಹೋದರು, ನಾನು ಬರೆದುಕೊಂಡೆ.